ಎದೆ ಹಿಡಿದು ಬಂದವರಿಗೆ ಸೋಡಾ ಇಲ್ಲ

ಬಸ್ ಡಿಪೋ ಎದುರಿನ ಸೋಡಾ ಅಂಗಡಿ,
ಹದಿನಾಲ್ಕನೇ ತಾರೀಖು, ಬುಧವಾರ ಮಧ್ಯಾಹ್ನ

ಪ್ರೀತಿಯ ಮೈದುನನಿಗೆ,

ನಿನ್ನ ಅತ್ತಿಗೆ ಗಟ್ಟಿಯಾಗಿದ್ದಾಳೆ. ಮಂಡಿನೋವೊಂದು ಬಿಟ್ಟರೆ ಬೇರೆ ದೂರಿಲ್ಲ. ನೀನು ಹೇಗಿದ್ದೀಯ? ಊಟ ಸೇರುತ್ತಿದೆಯಾ, ನಿದ್ದೆ ಬರುತ್ತಿದೆಯಾ? ಮೂರನೇ ಮಹಡಿ ಹತ್ತುವಾಗ ಉಸಿರು ಹೇಗಿದೆ? ಸುಮ್ಮನೆ ಕೇಳುತ್ತಿಲ್ಲ. ಅದು ಆಮೇಲೆ.

ನಿನ್ನ ಕಾಗದ ಬಂತು. ಓದಿದಾಗ ಮೊದಲು ನಗು ಬಂತು, ಆಮೇಲೆ ಸಿಟ್ಟು. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಶರ್ಟಿನ ಗುಂಡಿ ತಪ್ಪಾಗಿ ಹಾಕಿಕೊಂಡು ಸ್ಕೂಲಿಗೆ ಓಡುತ್ತಿದ್ದ ಹುಡುಗ, ಈಗ "ಅತ್ತಿಗೆ, ತಾವು ಸದರಿ ಬೋರ್ಡನ್ನು ಕೂಡಲೇ ತೆಗೆಸತಕ್ಕದ್ದು" ಎಂದು ಆಫೀಸಿನ ಭಾಷೆಯಲ್ಲಿ ಬರೆಯುವಷ್ಟು ದೊಡ್ಡವನಾಗಿದ್ದಾನೆ. ನೀವು ಮಗಳಿಗೆ ಗಂಡು ನೋಡುತ್ತಿದ್ದೀರಂತೆ, ನಾನು ನೋಡಿದರೆ ನಮ್ಮ ಮನೆತನದಲ್ಲಿ ಹೃದಯದ ಕಾಯಿಲೆಯಿದೆ ಎಂದು ಬಣ್ಣದಲ್ಲಿ ಬರೆಸಿ ಬೀದಿಗೆಲ್ಲ ಸಾರುತ್ತಿದ್ದೇನಂತೆ. ಅಣ್ಣ ಗ್ಯಾಸ್ ತೊಂದರೆಯಿಂದ ಹೋದ ಎಂದು ಎಲ್ಲರೂ ನಂಬಿರುವಾಗ ಕೆದಕುವುದೇಕೆ ಎಂಬುದು ನಿನ್ನ ಮಾತು. ಬೋರ್ಡು ತೆಗೆಯುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಕೊನೆಯವರೆಗೂ ಆಸೆ ಇಟ್ಟುಕೊಂಡು ಓದುತ್ತೀಯ.

ನಿಮ್ಮಣ್ಣ ಹೋದದ್ದು ಹೃದಯಾಘಾತದಿಂದ. ಅಂಗಡಿಯ ಒಳಬೆಂಚಿನ ಮೇಲೆ ಕೂತು, ಎದೆಯ ಮೇಲೆ ಯಾರೋ ಮೂಟೆ ಇಟ್ಟ ಹಾಗಿದೆ ಎಂದರು. ಮೈಯೆಲ್ಲ ಬೆವರು, ದವಡೆಯವರೆಗೂ ನೋವು. ಒಂದು ಸೋಡಾ ಕುಡಿದು ತೇಗಿದರು. "ನೋಡು, ಗ್ಯಾಸೇ" ಅಂತ ನಕ್ಕರು. ಇನ್ನೊಂದು ಕೇಳಿದರು. ಅದನ್ನು ಮುಗಿಸಲಿಲ್ಲ. ಅವತ್ತು ನನಗೆ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ, ಪಕ್ಕದಲ್ಲಿ ನಿಂತು ಬೆನ್ನು ತಟ್ಟಿದವರಿಗೂ ಗೊತ್ತಿರಲಿಲ್ಲ. ಈಗ ನನಗೆ ಗೊತ್ತಿದೆ. ಡಿಪೋದವರ ಆರೋಗ್ಯ ತಪಾಸಣೆಗೆ ಬಂದ ನರ್ಸಮ್ಮನನ್ನು ಅದೇ ಬೆಂಚಿನ ಮೇಲೆ ಕೂರಿಸಿಕೊಂಡು, ಅವಳಿಗೆ ಸಾಕಾಗುವಷ್ಟು ಕೇಳಿ ತಿಳಿದುಕೊಂಡೆ. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಸೋಡಾ ಮಾರು ಅಂದರೆ ನನ್ನ ಕೈಲಾಗದು.

ಅದಕ್ಕೇ ಬಸ್ಸಿಗೆ ನಂಬರು ಬರೆಯುವ ಪೇಂಟರ್ ಕೈಲಿ ಬರೆಸಿದೆ: "ಎದೆ ಹಿಡಿದು ಬಂದವರಿಗೆ ಇಲ್ಲಿ ಸೋಡಾ ಇಲ್ಲ. ಆಸ್ಪತ್ರೆಗೆ ಹೋಗಿ. ಈ ಅಂಗಡಿಯ ಯಜಮಾನರು ಹೋಗಲಿಲ್ಲ." ಕೊನೆಯ ಸಾಲೇ ತಾನೇ ನಿನಗೆ ಚುಚ್ಚಿದ್ದು? ಚುಚ್ಚಲಿ. ಬೀಡಿ ಸಿಗರೇಟಿನ ಡಬ್ಬಿಗಳನ್ನೂ ಎತ್ತಿಬಿಟ್ಟೆ, ಆ ಜಾಗದಲ್ಲಿ ಬಾಳೆಹಣ್ಣು ತೂಗುತ್ತಿದೆ. ಕಂಡಕ್ಟರುಗಳು ನನಗೆ ಎದೆ ಡಾಕ್ಟ್ರಮ್ಮ ಅಂತ ಹೆಸರಿಟ್ಟಿದ್ದಾರೆ. "ಈ ಅಂಗಡೀಲಿ ಸೋಡಾಗಿಂತ ಬೈಗುಳಾನೇ ಜಾಸ್ತಿ ಸಿಗುತ್ತೆ" ಅಂತ ನನ್ನೆದುರೇ ಆಡಿಕೊಂಡು ನಗುತ್ತಾರೆ. ನಗಲಿ, ನಗುವವರಿಗೆ ಉಸಿರಾದರೂ ಇದೆ.

ಮೀಸೆ ಡ್ರೈವರ್ ನೆನಪಿದ್ದಾನಲ್ಲ, ನಿಮ್ಮಣ್ಣನ ಜೊತೆ ಇಸ್ಪೀಟಾಡುತ್ತಿದ್ದವನು? ಹೋದ ತಿಂಗಳು ಬೆಳ್ಳಂಬೆಳಿಗ್ಗೆ ಬಂದ. ಚಳಿಯಲ್ಲೂ ಕುತ್ತಿಗೆಯೆಲ್ಲ ಬೆವರು, ಒಂದು ಕೈ ಎದೆ ಮೇಲೆ. "ಅಕ್ಕಾ, ಒಂದು ಸೋಡಾ, ಉಪ್ಪು ಜಾಸ್ತಿ" ಎಂದ. ಇಲ್ಲ ಎಂದೆ. "ದುಡ್ಡು ಕೊಟ್ಟೇ ಕೇಳ್ತಿರೋದು, ಧರ್ಮಕ್ಕಲ್ಲ" ಎಂದು ರೇಗಿದ. ಅವನ ಕೈಲಿದ್ದ ಬಸ್ಸಿನ ಕೀ ಕಿತ್ತುಕೊಂಡು ಐಸ್ ಪೆಟ್ಟಿಗೆಯೊಳಗೆ ಹಾಕಿ ಅದರ ಮೇಲೆ ಕೂತುಬಿಟ್ಟೆ. ಬಸ್ಸಿನ ತುಂಬ ಜನ. ಕೆಲವರು ವಾಚು ತೋರಿಸಿದರು, ಒಬ್ಬ ದೂರು ಕೊಡುತ್ತೇನೆಂದ. ಕೊಡಪ್ಪ ಎಂದೆ. ಕೊನೆಗೆ ಕಂಡಕ್ಟರೇ ಅವನನ್ನು ಆಟೋಗೆ ಹತ್ತಿಸಿಕೊಂಡು ಹೋದ. ಹೃದಯದ ರಕ್ತನಾಳ ಕಟ್ಟಿಕೊಂಡಿತ್ತಂತೆ, ಬಿಡಿಸಿದರು. ಈಗ ಸ್ಟೀರಿಂಗ್ ಬಿಟ್ಟು ಡಿಪೋ ಆಫೀಸಿನಲ್ಲಿ ಕೂರುತ್ತಾನೆ. ದಿನಾ ಬಂದು ಬಾಳೆಹಣ್ಣು ತಿಂದು, ನನ್ನ ಬೋರ್ಡಿನ ಧೂಳು ಒರೆಸಿ ಹೋಗುತ್ತಾನೆ. ಅವನ ಕೈಲಿ ಬೋರ್ಡು ತೆಗೆಸು ನೋಡೋಣ.

ಗಂಡಿನ ಕಡೆಯವರು ಏನು ಕೇಳುತ್ತಾರೋ ಅಂತ ಹೆದರುತ್ತೀಯಲ್ಲ, ಹುಡುಗಿಯ ತಂದೆ ಬದುಕಿದ್ದಾನಾ ಅಂತಲೂ ಕೇಳುತ್ತಾರೆ. ಅದಕ್ಕೆ ನಮ್ಮ ಹುಡುಗಿ ಏನು ಹೇಳಬೇಕು? ಅಣ್ಣನಿಗೆ ಬಂದದ್ದು ತಮ್ಮನಿಗೂ ಬರಬಹುದು, ಮೊದಲೇ ನೋಡಿಸಿಕೊಂಡರೆ ತಡೆಯಬಹುದು ಎಂದು ನರ್ಸಮ್ಮ ಬಿಡಿಸಿ ಹೇಳಿದ್ದಾಳೆ. ಇದನ್ನು ಮುಚ್ಚಿಟ್ಟು ನೀನು ಉಳಿಸುವ ಮರ್ಯಾದೆ ಯಾವುದೋ ನನಗೆ ತಿಳಿಯದು. ಅದನ್ನು ಉಟ್ಟುಕೊಳ್ಳೋಕೂ ಆಗಲ್ಲ, ಹೊದ್ದುಕೊಳ್ಳೋಕೂ ಆಗಲ್ಲ.

ಮಗಳಿಗೆ ದೊಡ್ಡಮ್ಮನ ಮುತ್ತು. ಒಳ್ಳೆಯ ಹುಡುಗ ಸಿಗಲಿ, ಬೋರ್ಡು ಓದಿಯೂ ಬರುವವನೇ ಸಿಗಲಿ. ನಿನಗೆ ನನ್ನ ಆಯಸ್ಸೂ ಸೇರಿ ಬರಲಿ.

ನಿನ್ನ ಅತ್ತಿಗೆ

ವಿ. ಸೂ.: ಬೆಳಿಗ್ಗೆ ನಿನ್ನ ಹೆಂಡತಿ ಫೋನು ಮಾಡಿ ಅತ್ತಳು. ಎರಡನೇ ಮಹಡಿಯಲ್ಲೇ ನಿಂತು ಎಡಗೈ ಉಜ್ಜಿಕೊಳ್ಳುತ್ತೀಯಂತೆ, ಮಂಚದ ಕೆಳಗೆ ಸೋಡಾ ಬಾಟಲಿ ಬಚ್ಚಿಟ್ಟಿದ್ದೀಯಂತೆ. ಅವಳನ್ನು ಬೈಯಬೇಡ. ನಾನು ಫೋನು ಮಾಡಿದರೆ ಗ್ಯಾಸು ಅಂದು ಇಟ್ಟುಬಿಡುತ್ತೀಯ, ಅದಕ್ಕೇ ಈ ಕಾಗದ, ಅದೂ ಅಂಚೆಯಲ್ಲಲ್ಲ. ತಂದುಕೊಟ್ಟು ಬಾಗಿಲಲ್ಲಿ ನಿಂತಿದ್ದಾನಲ್ಲ, ಅವನ ಮೀಸೆ ನೋಡು. ಮೂರು ಮಹಡಿ ಹತ್ತಿ ಬಂದಿದ್ದಾನೆ, ಅವನ ಡಾಕ್ಟರು ಒಪ್ಪಿದ ಮೇಲೇ. ಕೆಳಗೆ ಆಟೋ ನಿಂತಿದೆ. ಕುಡಿಯಲು ಏನೂ ಕೇಳಬೇಡ, ಚಪ್ಪಲಿ ಹಾಕಿಕೋ.