ನಲವತ್ತೊಂದನೆಯ ಲಾರಿ ಯುದ್ಧಕ್ಕೆ ಹೋಗಿತ್ತು

ಸೇನಾ ದಾಖಲೆ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ಕಚೇರಿ ಸುಳ್ಳು ಹೇಳಿದೆ ಎಂದು ನಾನು ಆಪಾದಿಸುತ್ತಿಲ್ಲ. ಸುಳ್ಳು ಹೇಳಬೇಕಾದರೆ ನಿಜ ಏನೆಂದು ಮೊದಲು ಗೊತ್ತಿರಬೇಕು. ಅದನ್ನು ತಿಳಿದುಕೊಳ್ಳುವ ಗೋಜಿಗೇ ನೀವು ಹೋಗಿಲ್ಲ. ಯುದ್ಧ ಸಂಗ್ರಹಾಲಯದ ಅಂಗಳದಲ್ಲಿ ನಿಂತಿರುವ ನಲವತ್ತೊಂದನೆಯ ಸಂಖ್ಯೆಯ ಸೇನಾ ಲಾರಿಯ ಮುಂದೆ ನೀವು ಹಾಕಿಸಿರುವ ಫಲಕದಲ್ಲಿ, ‘ಈ ವಾಹನವು ಯುದ್ಧದಲ್ಲಿ ಬಳಕೆಯಾಗಿಲ್ಲ’ ಎಂದು ಬರೆದಿದೆ. ಆ ಲಾರಿಯನ್ನು ಯುದ್ಧದಲ್ಲಿ ಓಡಿಸಿದವರು ನನ್ನ ಅಪ್ಪ. ಅದರ ಸೀಟಿನಲ್ಲಿ ಪ್ರಾಣ ಬಿಟ್ಟವರು ಅವರ ಗೆಳೆಯ. ನಾನು ಬರೆದ ಅರ್ಜಿಗಳೆಲ್ಲ ನಿಮ್ಮ ಕಡತಗಳೊಳಗೆ ಸುಖವಾಗಿ ಮಲಗಿರುವುದರಿಂದ, ಈಗ ಈ ಬಹಿರಂಗ ಪತ್ರದಲ್ಲಿ ಎಲ್ಲರ ಮುಂದೆ ಹೇಳಬೇಕಾಗಿ ಬಂದಿದೆ.

ನಡೆದದ್ದು ಇಷ್ಟು. ಯುದ್ಧ ಶುರುವಾದಾಗ ಆ ಲಾರಿ ಕಾರ್ಯಾಗಾರದಲ್ಲಿತ್ತು. ಇದನ್ನು ನಾವು ಯಾರೂ ಅಲ್ಲಗಳೆದಿಲ್ಲ. ಗೇರ್‌ಬಾಕ್ಸ್ ಕೆಟ್ಟಿತ್ತು, ಎರಡನೆಯ ಗೇರ್ ಬಿಟ್ಟರೆ ಬೇರೆ ಬೀಳುತ್ತಿರಲಿಲ್ಲ. ಉಳಿದ ಲಾರಿಗಳೆಲ್ಲ ಮುಂದಕ್ಕೆ ಹೋಗಿಬಿಟ್ಟಿದ್ದವು. ಮೂರನೆಯ ದಿನ ಬೆಳಿಗ್ಗೆ ನದಿಯ ಸೇತುವೆ ಮುರಿದುಬಿತ್ತು, ಆಚೆ ದಡದಲ್ಲಿ ಗಾಯಾಳುಗಳು ಸಿಕ್ಕಿಬಿದ್ದರು. ಕಾರ್ಯಾಗಾರದ ಅಧಿಕಾರಿ ಹೊರಗೆ ಬಂದು ಅಪ್ಪನಿಗೆ ಕೇಳಿದ್ದು ಒಂದೇ ಮಾತಂತೆ: “ಗಾಡಿ ಸ್ಟಾರ್ಟ್ ಆಗುತ್ತೇನಪ್ಪ?” ಆಗುತ್ತೆ ಸಾರ್ ಎಂದರು ಅಪ್ಪ. ಹಾಗಾದರೆ ಹೊರಡು ಎಂದರು ಅವರು. ಆ ಗಳಿಗೆಯಲ್ಲಿ ಮೂರು ಪ್ರತಿಗಳಲ್ಲಿ ಆಜ್ಞಾಪತ್ರ ಬರೆಸಿ, ಮೊಹರು ಒತ್ತಿಸಿ, ಒಂದನ್ನು ನಿಮ್ಮ ಕಚೇರಿಗಾಗಿ ಜೋಪಾನವಾಗಿ ಎತ್ತಿಡಲಿಲ್ಲ ಎಂಬುದು ಆ ಅಧಿಕಾರಿಯ ದೊಡ್ಡ ಅಪರಾಧ. ಕ್ಷಮೆ ಕೇಳಲು ಅವರೂ ಇಲ್ಲ. ಅದೇ ವಾರ ತೀರಿಕೊಂಡರು.

ಅಪ್ಪನ ಜೊತೆ ಹೊರಟವರು ಎರಡನೆಯ ಚಾಲಕ. ಎಲ್ಲರೂ ಅವರನ್ನು ಉದ್ದಣ್ಣ ಎನ್ನುತ್ತಿದ್ದರು. ಕ್ಯಾಬಿನ್ನಿನಲ್ಲಿ ಕೂತರೆ ಮೊಣಕಾಲು ಎದೆಗೆ ಬರುತ್ತಿತ್ತಂತೆ. ನನ್ನನ್ನು ಹಿಂದೆ ಸಾಮಾನಿನ ಜೊತೆ ಮಡಚಿಡು ಎಂದು ತಾವೇ ತಮಾಷೆ ಮಾಡುತ್ತಿದ್ದರಂತೆ. ನೀರು ಕಡಿಮೆ ಇದ್ದ ಕಡೆ ನದಿಯೊಳಗೇ ಲಾರಿ ಇಳಿಸಿ, ಎರಡನೆಯ ಗೇರಿನಲ್ಲೇ ಒದ್ದಾಡಿಕೊಂಡು ನಾಲ್ಕು ಸಲ ಹೋಗಿ ಬಂದರು. ಐದನೆಯ ಸಲ ಗಾಯಾಳುಗಳನ್ನು ತುಂಬಿಕೊಂಡು ಈಚೆ ದಡ ಹತ್ತುವಾಗ ಗುಂಡು ಎಡಗಡೆಯ ಬಾಗಿಲು ತೂರಿ ಉದ್ದಣ್ಣನಿಗೆ ತಗುಲಿತು. ನಿಲ್ಲಿಸಿದರೆ ಮರಳಿನಲ್ಲಿ ಚಕ್ರ ಹೂತುಹೋಗುತ್ತದೆ, ಹಿಂದಿರುವವರೆಲ್ಲ ಹೋಗುತ್ತಾರೆ. ಅಪ್ಪ ನಿಲ್ಲಿಸಲಿಲ್ಲ. ಒಂದು ಕೈಯಲ್ಲಿ ಸ್ಟೀರಿಂಗ್, ಇನ್ನೊಂದು ಕೈಯಲ್ಲಿ ಗೆಳೆಯನ ಹೆಗಲು. ಆಸ್ಪತ್ರೆಯ ಡೇರೆ ಮುಟ್ಟುವ ಹೊತ್ತಿಗೆ ಉದ್ದಣ್ಣ ಇರಲಿಲ್ಲ. ಹಿಂದಿದ್ದ ಹನ್ನೊಂದು ಮಂದಿಯೂ ಇದ್ದರು.

ದಾಖಲೆಯ ಪ್ರಕಾರ ಲಾರಿ ಕಾರ್ಯಾಗಾರದಲ್ಲಿತ್ತು. ಆದ್ದರಿಂದ ಉದ್ದಣ್ಣನೂ ಕಾರ್ಯಾಗಾರದಲ್ಲೇ ಸಾಯಬೇಕಾಯಿತು. ‘ಅಜಾಗರೂಕತೆಯಿಂದ ಸಂಭವಿಸಿದ ಅಪಘಾತ’ ಎಂಬ ಕಾಗದ ಅವರ ಮನೆಗೆ ಹೋಯಿತು. ಮನೆಯಲ್ಲಿ ಇದ್ದವರು ತಂಗಿ ಒಬ್ಬರೇ, ಆಗ ಹತ್ತೊಂಬತ್ತು ವರ್ಷ. ನಾನು ಅವರನ್ನು ಅತ್ತೆ ಎಂದೇ ಕರೆಯುತ್ತೇನೆ. ಯುದ್ಧ ಮುಗಿದ ಮೇಲೆ ಅಪ್ಪ ಹೋಗಿ ನಡೆದದ್ದನ್ನೆಲ್ಲ ಹೇಳಿದರು. ಅತ್ತೆ ಆ ಕಾಗದವನ್ನು ಮಡಚಿ ಹೊಲಿಗೆ ಯಂತ್ರದ ಖಾನೆಗೆ ಹಾಕಿ, “ಇದನ್ನ ಬರೆದೋರು ಅಲ್ಲಿ ಇರ್ಲಿಲ್ಲ, ನೀವಿದ್ರಿ. ನನಗೆ ಅಷ್ಟು ಸಾಕು ಅಣ್ಣ” ಎಂದರಂತೆ. ಐವತ್ತು ವರ್ಷಕ್ಕೂ ಹೆಚ್ಚು ಕಾಲ ಅವರಿಗೆ ಅಷ್ಟು ಸಾಕಾಗಿತ್ತು. ಹುತಾತ್ಮರ ಗೋಡೆಯ ಮೇಲೆ ಅಣ್ಣನ ಹೆಸರಿಲ್ಲದಿದ್ದರೂ ಅವರು ಯಾರನ್ನೂ ಏನೂ ಕೇಳಲಿಲ್ಲ.

ಎರಡು ವರ್ಷದ ಹಿಂದೆ ಸಂಗ್ರಹಾಲಯ ತೆರೆದಾಗ ನಾನೇ ಅಪ್ಪನನ್ನು ಕರೆದುಕೊಂಡು ಹೋದೆ. ಲಾರಿಯನ್ನು ದೂರದಿಂದಲೇ ಗುರುತಿಸಿ, ಎಪ್ಪತ್ತೇಳು ವರ್ಷದ ಮನುಷ್ಯ ನನ್ನ ಕೈ ಬಿಡಿಸಿಕೊಂಡು ಹೆಚ್ಚುಕಡಿಮೆ ಓಡಿದರು. ಆಮೇಲೆ ಫಲಕ ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಅವರು ಬಾಗಿಲಿನ ಮೇಲೆ ಕೈಯಿಟ್ಟಾಗ ಕಾವಲಿನವನು ಮುಟ್ಟಬೇಡಿ ಎಂದ. ಅಪ್ಪ ಕೈ ತೆಗೆದು, ತಪ್ಪಾಯ್ತಪ್ಪ ಎಂದರು.

ನಿಮಗೆ ಅರ್ಜಿ ಬರೆದು ಅಪ್ಪನಿಂದ ಸಹಿ ಹಾಕಿಸಿದ್ದು ನಾನು. ಈಗ ಯೋಚಿಸಿದರೆ ಅದೇ ನನ್ನ ತಪ್ಪು. ನೀವು ಅಪ್ಪನನ್ನು ವಿಚಾರಣೆಗೆ ಕರೆದಿರಿ. ಮೂರನೆಯ ಮಹಡಿ, ಲಿಫ್ಟ್ ಕೆಟ್ಟಿತ್ತು. ಪ್ರತಿ ತಿರುವಿನಲ್ಲೂ ಕೂತು ಕೂತು ಹತ್ತಿದರು. ನಿಮ್ಮ ಅಧಿಕಾರಿ ಮರ್ಯಾದೆಯಿಂದಲೇ ಮಾತನಾಡಿದರು, ಅದನ್ನು ಒಪ್ಪುತ್ತೇನೆ. ಲಿಖಿತ ಆಜ್ಞೆ ಇದೆಯೇ? ಇಲ್ಲ. ಸಾಕ್ಷಿಗಳು? ಬಲ್ಲವರು ಸತ್ತಿದ್ದಾರೆ. ಗಾಯಾಳುಗಳು? ಹೆಸರು ಕೇಳಿಕೊಂಡಿರಲಿಲ್ಲ. ಅಂದು ಯಾವ ವಾರ? ನೆನಪಿಲ್ಲ. “ವಯಸ್ಸಾದ ಮೇಲೆ ಒಂದು ಗಾಡಿ ಇನ್ನೊಂದರ ಥರ ಕಾಣುತ್ತೆ, ಯಜಮಾನ್ರೇ. ಕೆಲವೊಮ್ಮೆ ಮನಸ್ಸೇ ಕಥೆ ಕಟ್ಟಿಬಿಡುತ್ತೆ” ಎಂದು ಮೃದುವಾಗಿ ಹೇಳಿ ದಾಖಲೆ ಪುಸ್ತಕವನ್ನು ಅಪ್ಪನ ಕಡೆಗೆ ತಿರುಗಿಸಿದರು. ಅಪ್ಪ ಆ ಪುಟವನ್ನು ತುಂಬ ಹೊತ್ತು ನೋಡಿದರು. ಅದರಲ್ಲಿ ಲಾರಿ ರಿಪೇರಿಗೆ ಬಂದ ನಮೂದಿನ ಕೆಳಗೆ ಕಾರ್ಯಾಗಾರದ ಅಧಿಕಾರಿಯ ಸಹಿ ಇತ್ತು, ಹೊರಟ ನಮೂದು ಇರಲಿಲ್ಲ. ಅವರ ಬಗ್ಗೆ ಅಪ್ಪನಿಗೆ ಅಪಾರ ಗೌರವ.

ಮಾನ್ಯರೇ, ಬೈದಿದ್ದರೆ ಅಪ್ಪ ತಿರುಗಿ ಬೈಯುತ್ತಿದ್ದರು. ಆ ಮೃದು ಮಾತು ಅವರ ಒಳಗೆ ಹೊಕ್ಕಿತು. ಮನೆಗೆ ಬಂದ ಮೇಲೆ ಬೆರಳು ಮಡಚಿ ಏನೇನೋ ಲೆಕ್ಕ ಹಾಕುತ್ತಿದ್ದರು. ಒಂದು ದಿನ ಊಟದ ನಡುವೆ ಕೈ ನಿಲ್ಲಿಸಿ, “ನಾನು ಹೋಗಿರ್ಲಿಲ್ವೇನೋ ಕಣಮ್ಮ. ಪುಸ್ತಕದಲ್ಲಿ ಸಾಹೇಬ್ರ ಸಹಿನೇ ಇದೆಯಲ್ಲ” ಎಂದರು. ನಾನು ರೇಗಿದೆ, ಕಣ್ಣೀರಿಟ್ಟೆ, ಸಮಾಧಾನ ಹೇಳಿದೆ. ಯಾವುದೂ ನಾಟಲಿಲ್ಲ. ಕೊನೆಗೆ ನನಗೂ ಹೇಳದೆ ಬಸ್ಸು ಹತ್ತಿ ಅತ್ತೆಯ ಮನೆಗೆ ಹೋಗಿ ಕೈ ಮುಗಿದು ನಿಂತರಂತೆ. “ತಂಗಿ, ನಿನಗೆ ಇಷ್ಟು ವರ್ಷ ಸುಳ್ಳು ಹೇಳಿದೀನಿ ಅನ್ಸುತ್ತೆ. ಕ್ಷಮಿಸಿಬಿಡು.”

ಅತ್ತೆ ಆ ಸಂಜೆ ನನಗೆ ಫೋನ್ ಮಾಡಿ ಇದನ್ನು ಹೇಳಿದರು. ಆಮೇಲೆ ಕೇಳಿದರು: “ಹಾಗಾದ್ರೆ ನಮ್ಮಣ್ಣ ಹೇಗೆ ಸತ್ತ?” ಇದಕ್ಕೆ ನಿಮ್ಮ ಹತ್ತಿರ ಉತ್ತರ ಇದೆಯೇ?

ಅಪ್ಪ ಮರುವರ್ಷ ತೀರಿಕೊಂಡರು. ಇದಾಗಿ ಎಂಟು ತಿಂಗಳಿಗೆ ಸಂಗ್ರಹಾಲಯದವರು ಆ ಲಾರಿಯ ಹರಿದ ಸೀಟನ್ನು ರಿಪೇರಿಗೆ ಕಳಿಸಿದರು. ವಾಹನಗಳ ಸೀಟು, ಟಾರ್ಪಾಲು ಹೊಲಿಯುವ ಅಂಗಡಿಗಳು ಇಲ್ಲಿರುವುದೇ ಎರಡು, ಅದರಲ್ಲಿ ಒಂದು ನನ್ನದು. ಮೇಲಿನ ರೆಕ್ಸಿನ್ ಬಿಚ್ಚಿದೆ, ಅದರಡಿಯ ಹಳೆಯ ಕ್ಯಾನ್ವಾಸ್ ಬಿಚ್ಚಿದೆ. ಒಳಗೆ, ನಾರಿನ ಮೇಲೆ ಬೂದು ಬಣ್ಣದ ಕಂಬಳಿಯ ತುಂಡೊಂದನ್ನು ಹೊಲಿಯಲಾಗಿತ್ತು. ಅಂಚಿನಲ್ಲಿ ಯುದ್ಧಕಾಲದ ಆಸ್ಪತ್ರೆಯ ಮುದ್ರೆ, ಆ ವರ್ಷದ ಅಂಕಿ. ಅದರ ಕೆಳಗಿನ ನಾರು ಕಪ್ಪಾಗಿ ಗಟ್ಟಿ ಕಟ್ಟಿತ್ತು, ಒರಗುವ ಹಲಗೆಯ ಎಡಗಡೆ ಒಂದು ತೂತಿತ್ತು. ಹೊಲಿಗೆ ಎಂಥದ್ದು ಗೊತ್ತೇ? ಎರಡೆಳೆ ದಾರ, ನಾಲ್ಕು ಹೊಲಿಗೆಗೊಂದು ಗಂಟು. ಕಸುಬಿನವರು ಯಾರೂ ಹಾಗೆ ಹೊಲಿಯುವುದಿಲ್ಲ. ನನ್ನ ಅಪ್ಪ ಹಾಗೆ ಹೊಲಿಯುತ್ತಿದ್ದರು. ನಾನು ಎಷ್ಟೋ ಸಲ ನಕ್ಕಿದ್ದೇನೆ. ಅಂಗಡಿಯ ಬಾಗಿಲು ಹಾಕಿಕೊಂಡು ಆ ಸೀಟಿನ ಪಕ್ಕ ನೆಲದ ಮೇಲೆ ಕೂತೆ. ಅಪ್ಪ, ನೀನು ಹೋಗಿದ್ದೆ ಎಂದು ಗಟ್ಟಿಯಾಗಿ ಹೇಳಿದೆ. ಕೇಳಿಸಿಕೊಳ್ಳಲು ಅವರಿರಲಿಲ್ಲ.

ಫೋಟೋಗಳನ್ನು ನಿಮಗೆ ಕಳಿಸಿದೆ. ‘ಕಂಬಳಿಯನ್ನು ತದನಂತರ ಸೇರಿಸಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು’ ಎಂದು ಉತ್ತರಿಸಿದಿರಿ. ಎಂಥ ಚುರುಕು ಬುದ್ಧಿ! ಈ ಚುರುಕನ್ನು ಒಂದೇ ಒಂದು ಸಲ ನಿಮ್ಮ ಪುಸ್ತಕದ ಮೇಲೂ ಪ್ರಯೋಗಿಸಬಾರದೇ? ಕಂಬಳಿಯನ್ನು ಅನುಮಾನಿಸಬಹುದು, ಕಣ್ಣಾರೆ ಕಂಡವರನ್ನು ಅನುಮಾನಿಸಬಹುದು, ಕಾಗದವನ್ನು ಮಾತ್ರ ಅನುಮಾನಿಸಬಾರದು ಎಂದು ಯಾವ ನಿಯಮ ಹೇಳುತ್ತದೆ?

ನಾನು ಕೇಳುವುದು ಹೆಚ್ಚೇನಿಲ್ಲ. ಸೀಟನ್ನು ಬಿಚ್ಚಿದ ಹಾಗೆಯೇ ಇಟ್ಟಿದ್ದೇನೆ, ಬಲ್ಲವರನ್ನು ಕಳಿಸಿ ಪರೀಕ್ಷಿಸಿ. ಫಲಕವನ್ನು ತಿದ್ದಿ. ಸತ್ತವನ ಮೇಲೆ ಹೊರಿಸಿದ ‘ಅಜಾಗರೂಕತೆ’ ಎಂಬ ಮಾತನ್ನು ಹೊಡೆದುಹಾಕಿ, ಗೋಡೆಯ ಮೇಲೆ ಅವರ ಹೆಸರು ಕೆತ್ತಿಸಿ. ಅದಕ್ಕೂ ಮೊದಲು ನಿಮ್ಮಲ್ಲಿ ಒಬ್ಬರು ಅತ್ತೆಯ ಮನೆಗೆ ಹೋಗಿ, ಅವರ ಅಣ್ಣ ಹೇಗೆ ಸತ್ತರು ಎಂದು ಬಾಯಿಬಿಟ್ಟು ಹೇಳಲಿ. ಸೀಟಿನ ವಿಷಯ ನಾನು ಹೇಳಿದೆ, “ನೀನು ನಿಮ್ಮಪ್ಪನ ಮಗಳಲ್ವೇನಮ್ಮ, ಹಾಗೇ ಹೇಳ್ತೀಯ” ಎಂದರು. ಅವರಿಗೀಗ ಎಪ್ಪತ್ಮೂರು. ಕಿವಿ ಮಂದವಾಗುತ್ತಿದೆ. ದಯವಿಟ್ಟು ತಡಮಾಡಬೇಡಿ.

ಅಪ್ಪನಿಗಾಗಿ ಏನನ್ನೂ ಕೇಳುತ್ತಿಲ್ಲ. ಅವರು ತಮ್ಮನ್ನು ಸುಳ್ಳುಗಾರ ಎಂದು ನಂಬಿಕೊಂಡೇ ಹೋದರು. ಅದನ್ನು ತಿದ್ದುವ ಅಧಿಕಾರ ನಿಮ್ಮ ಕಚೇರಿಗೂ ಇಲ್ಲ.

ಇಂತಿ,
ತಂದೆಯಿಂದ ಅರ್ಜಿಗೆ ಸಹಿ ಹಾಕಿಸಿದ ಮಗಳು