ಅಣ್ಣ ಆರಿಸಿದ ರೇಡಿಯೇಟರ್

ಹದಿನಾರು ಗ್ರಾಮ
೧೪ ಮಾರ್ಚ್, ಶನಿವಾರ

ಪ್ರೀತಿಯ ಮಲ್ಲಣ್ಣ,

ಹೇಗಿದ್ದೀಯ? ರಾಯಚೂರಿನ ಬಿಸಿಲಲ್ಲಿ ಬಸ್ಸು ಓಡಿಸಿ ಉಷ್ಣವಾಗಿದೆ ಅಂದಿದ್ದೆ, ಮಜ್ಜಿಗೆ ಬಿಡಬೇಡ. ಮಂಗಳವಾರದ ಡಯಾಲಿಸಿಸ್ ತಪ್ಪಿ ಅಮ್ಮನಿಗೆ ಕಾಲು ಊದಿತ್ತು, ಈಗ ಇಳಿದಿದೆ. ಫೋನಿನಲ್ಲಿ ಹೇಳಹೊರಟರೆ ಅರ್ಧಕ್ಕೇ ತಡೆದು ಬುದ್ಧಿ ಹೇಳುತ್ತೀಯ. ಕಾಗದಕ್ಕೆ ಆ ತಾಪತ್ರಯವಿಲ್ಲ.

ಅವತ್ತು ಮೈಸೂರಿಗೆ ಹೋಗುವಾಗ ಕಾರು ದಾರಿಯಲ್ಲೇ ಕುದಿದು ನಿಂತಿತು. ಕಾರಣ ಅಪ್ಪ. ಸೋಮವಾರ ಸೋಮವಾರ ನಂಜನಗೂಡಿಗೆ ಹೋಗಿ ಮಿಂದು ಕ್ಯಾನಿನಲ್ಲಿ ಕಪಿಲಾ ನೀರು ತರುತ್ತಾರಲ್ಲ, ಮೊದಲ ಚೊಂಬು ದೇವರಿಗೆ, ಎರಡನೆಯದು ರೇಡಿಯೇಟರಿಗೆ. ಎಂಜಿನ್ ತಂಪಿಗೆಂದು ನಾನು ಹಾಕಿಸಿದ್ದ ಹಸಿರು ಕೂಲೆಂಟನ್ನು ಚರಂಡಿಗೆ ಬಿಟ್ಟು, ವರ್ಷದಿಂದ ಹೊಳೆನೀರೇ ಹುಯ್ದಿದ್ದಾರೆ. ಒಳಗೆಲ್ಲ ತುಕ್ಕು, ಕೆಸರು. ಕೇಳಿದರೆ, "ಸ್ವಾಮಿ ತೀರ್ತದಿಂದ ಯಾವ್ ಗಾಡಿ ಕೆಟ್ಟದು ಏಳವ್ವ" ಅಂತಾರೆ. ಅವರಿಗೆ ಹೇಳುವುದೂ ಒಂದೇ, ಗೋಡೆಗೆ ಹೇಳುವುದೂ ಒಂದೇ.

ಇನ್ನು ನೀನು. ಬೇರೆ ರೇಡಿಯೇಟರ್ ಹಾಕಿಸುವುದಾದರೆ ತಾಮ್ರದ್ದೇ ಆಗಬೇಕು, ಗುಜರಿಯಲ್ಲಿ ಹುಡುಕು, ಸಿಗದಿದ್ದರೆ ನನಗೆ ರಜೆ ಸಿಗುವ ತನಕ ಮುಟ್ಟಬೇಡ ಅಂದೆ. ಅಮ್ಮನ ಕಾಯಿಲೆ ನಿನ್ನ ರಜೆ ಕೇಳಿಕೊಂಡು ಕೂತಿರುತ್ತದೆಯೇ? ಊರಿನ ಮೆಕ್ಯಾನಿಕ್ ಕೈಲಿ ಹಳೆಯದನ್ನು ಬಿಚ್ಚಿಸಿ, ಗೋಣಿಚೀಲದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಿ. ನರಸೀಪುರಕ್ಕೆ ಹೋದೆ. ಚೂಡಿದಾರಕ್ಕೆಲ್ಲ ತುಕ್ಕಿನ ನೀರು. ಅಂಗಡಿಯ ನಂಜುಂಡೇಶ್ ಮೂರು ತೋರಿಸಿದ: ಬೆಸುಗೆ ಹಾಕಿದ ಹಳೇ ತಾಮ್ರದ್ದು, ಎಸಿ ಕಾರಿನದು, ನಮ್ಮಂಥ ಎಸಿ ಇಲ್ಲದ ಗಾಡಿಯ ಹೊಸ ಅಲ್ಯೂಮಿನಿಯಂನದು. ಎಸಿಯದೇ ಗಟ್ಟಿ, ಅಳತೆ ಹೊಂದದಿದ್ದರೆ ಪಟ್ಟಿ ಬಡಿದು ಕೂರಿಸಿಕೊಳ್ಳಿ ಅಂದ. ನಾನೇನು ಬಾಗಿಲು ಕೊಳ್ಳಲು ಹೋಗಿದ್ದೆನೇ, ಬಡಿದು ಕೂರಿಸಲು? ತಾಮ್ರದ್ದಕ್ಕೆ ನೀರು ತುಂಬಿಸಿ ತೋರಿಸು ಅಂದೆ. ಬೆಸುಗೆಯಲ್ಲೇ ಜಿನುಗಿತು. ಹಳೆಯದರ ಪಕ್ಕದಲ್ಲಿಟ್ಟು ಪೈಪಿನ ಬಾಯಿ, ಬೋಲ್ಟಿನ ತೂತು ಎಲ್ಲ ಅಳೆದು ಮೂರನೆಯದನ್ನೇ ತಂದು ಹಾಕಿಸಿದೆ. ನಿನ್ನೆ ಮೈಸೂರಿಗೆ ಹೋಗಿ ಬಂದೆವು, ಬಿಸಿ ತೋರಿಸುವ ಮುಳ್ಳು ಅರ್ಧ ದಾಟಲಿಲ್ಲ. ಕ್ಯಾನನ್ನು ಅಟ್ಟಕ್ಕೆ ಹಾಕಿದ್ದೇನೆ, ಅಪ್ಪ ಮಾತು ಬಿಟ್ಟಿದ್ದಾರೆ.

ಅತ್ತಿಗೆಯನ್ನೂ ಮಕ್ಕಳನ್ನೂ ಕೇಳಿದೆನೆಂದು ಹೇಳು. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ತಂಗಿ,
ಚೈತ್ರ

ಮರೆತಿದ್ದೆ: ನಿನ್ನೆ ಅಮ್ಮ ಮೊದಲು ಕಾರು ಹತ್ತಲು ಒಪ್ಪಲಿಲ್ಲ. "ನಿಮ್ಮಣ್ಣ ನೋಡ್ದೆ ತಂದದ್ನ ಆಕಿರೋ ಕಾರಲ್ಲಿ ನಾ ಕೂರಕಿಲ್ಲ ಕಣವ್ವ" ಅಂತ ಜಗಲಿ ಹಿಡಿದು ಕೂತಳು. ಡಯಾಲಿಸಿಸ್ ಸಾಲಾಗಿ ಎರಡು ಸಲ ತಪ್ಪಿದರೆ ಏನಾಗುತ್ತದೆ ಅಂತ ಡಾಕ್ಟರು ಹಿಂದೆ ನಿನ್ನ ಮುಂದೆಯೇ ಹೇಳಿದ್ದರಲ್ಲ. ಅಣ್ಣನೇ ವಿಡಿಯೋದಲ್ಲಿ ನೋಡಿ ಆರಿಸಿದ್ದು ಅಂದುಬಿಟ್ಟೆ. ತಕ್ಷಣ ಎದ್ದು ಚಪ್ಪಲಿ ಮೆಟ್ಟಿದಳು. ಮೈಸೂರಿನ ತನಕ ನಿನ್ನ ಗುಣಗಾನವೇ. ಹೊಟ್ಟೆ ಉರಿಯಿತು, ಕಾರು ಓಡಿಸಿದೆ. ಅಮ್ಮ ಕೇಳಿದರೆ ಹೂಂ, ನಾನೇ ಆರಿಸಿದ್ದು ಅನ್ನು.