ಗಂಟೆ ಹೊಡೆಯುವವರೆಗೆ ಏಳಬಾರದು

ಜುಲೈ 4, ಸಂಜೆ

ಕುರ್ಚಿ ಕಂಡುಹಿಡಿದವನು ನಾನೇ. ನನಗಿಂತ ಮುಂಚೆ ಜನ ನಿಂತುಕೊಂಡೇ ಇದ್ದರು. ಅಂಥವನಿಗೆ ಹೈಸ್ಕೂಲಿನ ಬೆಂಚಿನ ಕಾಲು ಸರಿಮಾಡುವುದು ಯಾವ ಲೆಕ್ಕ? ಮಧ್ಯಾಹ್ನಕ್ಕೇ ಮುಗಿಯಿತು. ಒಂದು ಇನ್ನೂ ಅಲ್ಲಾಡುತ್ತದೆ. ಅದು ನೆಲದ ತಪ್ಪು.

ತಂಗಿಯ ಮಗಳು ಅದೇ ಸ್ಕೂಲಿನ ನರ್ಸು. ಎಂಟು, ಒಂಬತ್ತನೇ ಕ್ಲಾಸಿಗೆ ವಾರಕ್ಕೊಂದು ಪಾಠ ಮಾಡುತ್ತಾಳೆ. ಮೈ ಹೇಗೆ ಬದಲಾಗುತ್ತದೆ, ಮುಟ್ಟು ಎಂದರೇನು, ಬೇಡದವರು ಮೈಮೇಲೆ ಕೈ ಹಾಕಿದರೆ ಹೇಗೆ ತಡೆಯಬೇಕು, ಯಾವ ಕಾಯಿಲೆ ಹೇಗೆ ಬರುತ್ತದೆ — ಎಲ್ಲ. ಇವತ್ತು ಮುಖ ಸಪ್ಪಗಿತ್ತು. ಪಾಠಕ್ಕೆ ದುಡ್ಡು ಕೊಡುತ್ತಿದ್ದ ಸಂಸ್ಥೆ ಕೈ ತೊಳೆದುಕೊಂಡಿತಂತೆ. ಹೆಡ್‌ಮಾಸ್ಟರ್ ಹೇಳಿದ್ದು ಇಷ್ಟು: ಅಪ್ಪಂದಿರು ಬಂದು ಒಂದು ಪಾಠ ಪೂರ್ತಿ ಕೇಳಿ ಒಪ್ಪಿದರೆ ಸ್ಕೂಲೇ ನಡೆಸುತ್ತದೆ. ಇಲ್ಲದಿದ್ದರೆ ನಿಲ್ಲಿಸಿ.

"ಅಮ್ಮಂದಿರು ಬರ್ತಾರೆ ಮಾವ. ಅಪ್ಪಂದಿರು ಗೇಟಲ್ಲೇ ಸ್ಕೂಟರ್ ತಿರುಗಿಸ್ತಾರೆ."

"ನಾನಿದೀನಲ್ಲೇ!"

"ಅದೇ ಇನ್ನೊಂದು ಭಯ" ಅಂದಳು.

ಜುಲೈ 6

ಸಲೂನಿಗೆ ಹೋದೆ. ನಮ್ಮ ಬೀದಿಯ ಪಾರ್ಲಿಮೆಂಟು ಅದೇ. ವಿಷಯ ತೆಗೆದದ್ದೇ ತಡ, ಸಲೂನಿನವನ ಕತ್ತರಿ ನಿಂತಿತು.

"ಅದನ್ನೆಲ್ಲ ಹೇಳ್ಕೊಟ್ರೆ ಮಕ್ಕಳು ಕೆಡಲ್ವೇನಯ್ಯ?"

"ನಿನಗ್ಯಾರೂ ಹೇಳ್ಕೊಡ್ಲಿಲ್ಲ. ನೀನು ಕೆಡೋದು ನಿಂತಿತಾ?"

ಎಲ್ಲರೂ ನಕ್ಕರು. ಬರುತ್ತೇನೆ ಎಂದವನು ಒಬ್ಬನೂ ಇಲ್ಲ. ಬಸ್ ಡ್ರೈವರ್ ಪೇಪರಿನ ಹಿಂದೆ ಮಾಯ. ನನಗೆ ರೇಗಿತು.

"ನಿಮಗೆ ಎದೆಗಾರಿಕೆ ಇಲ್ಲ ಬಿಡ್ರೋ. ಪಾಠಕ್ಕೆ ಬಂದು ಸ್ಕೂಲಿನ ಬೆಂಚಲ್ಲಿ ಕೂತು, ಗಂಟೆ ಹೊಡೆಯೋವರೆಗೆ ಎದ್ದೇಳದವನಿಗೆ ಇನ್ನೂರು ಕೊಡ್ತೀನಿ. ಎದ್ರೆ ಅವನು ನನಗೆ ಕೊಡ್ಬೇಕು."

ಪೇಪರ್ ಕೆಳಗಿಳಿಯಿತು.

"ತಲೆಗೆ ಇನ್ನೂರಾ?"

"ತಲೆಗೆ!"

ಜುಲೈ 9

ಸುದ್ದಿ ಬಸ್ ಡಿಪೋವರೆಗೂ ಹೋಗಿದೆ. ಮುಖಪರಿಚಯ ಇಲ್ಲದವರೂ ಕೈ ಕುಲುಕುತ್ತಾರೆ. ನಾನು ಹೀರೋ.

ಹೆಂಡತಿ ಮಾತ್ರ ಊಟ ಬಡಿಸುತ್ತ ಕೇಳಿದಳು. "ಅವರು ಎದ್ದು ಹೋದ್ರೆ ನಿಮಗೆ ದುಡ್ಡು, ಹುಡುಗಿ ಪಾಠ ಮಣ್ಣು. ಕೂತ್ರೆ ಹುಡುಗಿ ಗೆದ್ಲು, ನೀವು ಮುಳುಗಿದ್ರಿ. ನೀವು ಯಾವ ಕಡೆ?"

ಇದನ್ನು ಯೋಚಿಸಿರಲಿಲ್ಲ... ಯೋಚಿಸಿದ್ದೆ ಎಂದೇ ಹೇಳಿದೆ.

ಜುಲೈ 13, ಶನಿವಾರ

ಕ್ಲಾಸ್‌ರೂಮ್ ಭರ್ತಿ. ಮಕ್ಕಳ ಬೆಂಚಿನಲ್ಲಿ ಅಪ್ಪಂದಿರು, ಮೊಣಕಾಲು ಗದ್ದಕ್ಕೆ ತಾಗುವಂತೆ. ಹೆಡ್‌ಮಾಸ್ಟರ್ ಹಿಂದಿನ ಸಾಲಿನಲ್ಲಿ. ನನ್ನ ಪಕ್ಕ ಸಲೂನಿನವನು.

ನಮ್ಮ ಹುಡುಗಿ ಬೋರ್ಡಿನ ಮುಂದೆ ನಿಂತು ಕೇಳಿದಳು. "ನಿಮ್ಮ ದನಿ ಒಡೆದಾಗ, ಯಾಕೆ ಹೀಗೆ ಅಂತ ನಿಮಗೆ ಯಾರು ಹೇಳಿದ್ರು?"

ಎಲ್ಲರೂ ಫ್ಯಾನ್ ನೋಡಿದರು. ಸಲೂನಿನವನು ಬೆವರೊರೆಸಿಕೊಂಡು ಮೆಲ್ಲಗೆ ಏಳತೊಡಗಿದ. ಇನ್ನೂರು ಬಂತು ಅಂದುಕೊಂಡೆ. ಅಷ್ಟರಲ್ಲಿ ಅವಳ ಕೈ ಕಂಡಿತು. ಸೀಮೆಸುಣ್ಣ ಡಬ್ಬಿಗೆ ವಾಪಸ್ ಇಡುತ್ತಿತ್ತು. ಅವನ ಅಂಗಿ ಹಿಡಿದು ಜಗ್ಗಿ ಕೂರಿಸಿದೆ.

"ಕೂತ್ಕೊಳ್ಳಯ್ಯ! ಇನ್ನೂರು ಪುಕ್ಕಟೆ ಬಂದಿದೆಯಾ?"

ಆಗ ಡ್ರೈವರ್ ಬಾಯಿಬಿಟ್ಟ. "ಯಾರೂ ಹೇಳ್ಲಿಲ್ಲಮ್ಮ. ಗಂಟಲು ಕೆಟ್ಟಿದೆ ಅಂತ ಎರಡು ವಾರ ಬಿಸಿನೀರು ಕುಡಿದೆ."

ರೂಮಿಗೆ ರೂಮೇ ನಕ್ಕಿತು. ಅವನು ನಗಲಿಲ್ಲ. "ಮೊನ್ನೆ ಮಗಳು ಹೊಟ್ಟೆನೋವು ಅಂದ್ಲು. ಜುಲಾಬಿನ ಮಾತ್ರೆ ಕೊಟ್ಟೆ. ಅಮ್ಮ ಇಲ್ಲದ ಮಗು, ನನ್ನ ಹತ್ರ ಹೇಗೆ ಹೇಳುತ್ತೆ? ನಿನ್ನ ಪಾಠದಲ್ಲೇ ಗೊತ್ತಾಯ್ತಂತೆ ಅವಳಿಗೆ, ಅದು ಮುಟ್ಟು ಅಂತ."

ಆಮೇಲೆ ಕಟ್ಟೆ ಒಡೆಯಿತು. ಒಂದರ ಮೇಲೊಂದು ಪ್ರಶ್ನೆ. ಹುಡುಗಿ ಒಂದಕ್ಕೂ ತಡವರಿಸಲಿಲ್ಲ. ಕೊನೆಗೆ ಸಲೂನಿನವನೂ ಕೈ ಎತ್ತಿದ. "ನನ್ನ ಮಗ ಈಗೀಗ ಮಾತೇ ಆಡಲ್ಲ. ನಾನು ಏನಂತ ಶುರು ಮಾಡ್ಲಿ?"

ಗಂಟೆ ಹೊಡೆಯಿತು. ಯಾರೂ ಏಳಲಿಲ್ಲ. ಹೆಡ್‌ಮಾಸ್ಟರೇ ಎದ್ದು "ಟೈಮ್ ಆಯ್ತು" ಅಂದರು.

"ಇರಿ ಸಾರ್" ಎಂದು ಸಲೂನಿನವನು ಗದರಿದ. "ಉತ್ತರ ಬರ್ಲಿ."

ಜುಲೈ 17

ಟೈಮ್‌ಟೇಬಲ್‌ನಲ್ಲಿ ಪಾಠ ಬಂದೇಬಿಟ್ಟಿತು — ಬುಧವಾರ, ಮೂರನೇ ಪೀರಿಯಡ್. ಆ ಅಧ್ಯಾಯ ಬಂದಾಗಲೆಲ್ಲ "ಮನೇಲಿ ಓದ್ಕೊಳ್ಳಿ" ಎನ್ನುತ್ತಿದ್ದ ಸೈನ್ಸ್ ಮಾಸ್ತರು ಈಗ ಹುಡುಗಿಯ ಹತ್ತಿರ ಕಲಿಯುತ್ತಿದ್ದಾರೆ. "ನಾನು ವರ್ಗ ಆಗಿ ಹೋದ್ರೂ ಪಾಠ ನಿಲ್ಲಬಾರದು ಮಾವ" ಅನ್ನುತ್ತಾಳೆ. ಪಕ್ಕದ ಸ್ಕೂಲಿನವರೂ ಕರೆದಿದ್ದಾರೆ. ಅಲ್ಲಿ ಪಂದ್ಯ ಕಟ್ಟುವುದಿಲ್ಲ ಎಂದು ಹೆಂಡತಿ ಆಣೆ ಮಾಡಿಸಿಕೊಂಡಳು.

ಎಷ್ಟು ಹೋಯಿತು ಎಂದೂ ಕೇಳಿದಳು. ಎಂಟುನೂರು ಅಂದೆ. ಹುಡುಗಿಗೆ, ಎಲ್ಲರೂ ದುಡ್ಡು ಬಿಟ್ಟುಕೊಟ್ಟರು ಅಂದೆ. ಒಬ್ಬನೂ ಬಿಡಲಿಲ್ಲ. ಡ್ರೈವರ್ ಹರಿದ ನೋಟು ಬದಲಾಯಿಸಿಕೊಂಡೇ ಹೋದ. ಹೆಡ್‌ಮಾಸ್ಟರೂ ಕೈ ಚಾಚಿದರು — "ನಾನು ಎದ್ದದ್ದು ಗಂಟೆ ಹೊಡೆದ ಮೇಲೆ ತಾನೇ?" ಅವರನ್ನೂ ಸೇರಿಸಿ ಮೂವತ್ತೆರಡು ತಲೆ. ಈ ಡೈರಿ ಯಾರೂ ಓದುವುದಿಲ್ಲ, ಬರೆದುಬಿಡುತ್ತೇನೆ. ಆರು ಸಾವಿರದ... ನಾನೂರು.